ನಾರ್ಮಲ್ ಎಂದು ಕೊಟ್ಟ ರಕ್ತ

ಕಳೆದ ತಿಂಗಳು, ನಾನು ಕೆಲಸ ಮಾಡಿದ ಸಂಶೋಧನಾ ಸಂಸ್ಥೆಯ ಗುರುತಿನ ಚೀಟಿ ಹಿಂತಿರುಗಿಸಲು ಉಳ್ಳೂರಿಗೆ ಹೋಗಿದ್ದೆ. ನಿವೃತ್ತಿಯಾಗಿ ವರ್ಷ ತುಂಬುತ್ತ ಬಂದಿದ್ದರೂ ಆ ಕಾರ್ಡು ನನ್ನ ಬ್ಯಾಗಿನಲ್ಲೇ ಉಳಿದುಬಿಟ್ಟಿತ್ತು. ಆಫೀಸಿನವರು ಮೂರು ಸಲ ಫೋನ್ ಮಾಡಿದ ಮೇಲೆ ನನಗೇ ನಾಚಿಕೆಯಾಗಿ ತಿರುವನಂತಪುರದ ರೈಲು ಹತ್ತಿದೆ. ಕಾರ್ಡು ಕೊಟ್ಟು, ಸಹಿ ಹಾಕಿ, ಎರಡನೇ ಮಹಡಿಯ ಕಾರಿಡಾರಿನಲ್ಲಿ ಸುಮ್ಮನೆ ನಡೆದೆ. ತುದಿಯ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಮುರಿದ ಕುರ್ಚಿಗಳು, ಹಳೆಯ ಮಾನಿಟರುಗಳು. ಕಿಟಕಿಗೆ ಅಂಟಿಸಿದ್ದ ಕಪ್ಪು ಕಾಗದ ಮಾತ್ರ ಹಾಗೇ ಇತ್ತು. ಜೊತೆಗೆ ಒಂದು ವಾಸನೆ, ಪಾಲಪ್ಪದ ಹಿಟ್ಟು ಹುಳಿ ಬಂದು ಪಾತ್ರೆಯಿಂದ ಉಕ್ಕಿದಾಗ ಬರುತ್ತದಲ್ಲ, ಅದು. ಅಲ್ಲಿ ಯೀಸ್ಟ್ ಬೆಳೆಸುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು ಎಂದು ಕಾವಲಿನವನು ಹೇಳಿದ. ಹಾಗಾದರೆ ವಾಸನೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನಾನು ಬಾಗಿಲಲ್ಲೇ ನಿಂತೆ, ಒಳಗೆ ಹೋಗಲಿಲ್ಲ.

ನಾನು ಆ ಕೋಣೆಯಲ್ಲಿ ಕೆಲಸ ಮಾಡಿದ ಮಳೆಗಾಲದಲ್ಲಿ ನನಗೆ ಐವತ್ತೈದು ವರ್ಷ. ಸಂಸ್ಥೆಯಲ್ಲಿ ತಾಂತ್ರಿಕ ಅಧಿಕಾರಿ ಎಂದು ಹೆಸರು. ಕೆಲಸ ಎಂದರೆ ದ್ರಾವಣ ಬೆರೆಸುವುದು, ಯಂತ್ರ ಕೈಕೊಟ್ಟರೆ ರಿಪೇರಿಯವರ ಜೊತೆ ಜಗಳ ಆಡುವುದು, ಪಿಎಚ್‌ಡಿ ಮಕ್ಕಳು ಅತ್ತರೆ ಚಹಾ ಕೊಡಿಸುವುದು. ಮನೆ ಕೊಚ್ಚಿ ಹತ್ತಿರದ ತ್ರಿಪ್ಪುಣಿತ್ತುರದಲ್ಲಿ. ನಮ್ಮವರಿಗೆ ಕೊಚ್ಚಿಯ ಕೇಂದ್ರ ಸರ್ಕಾರಿ ಕಚೇರಿಗೆ ವರ್ಗವಾಗಿ ಮೈಸೂರು ಬಿಟ್ಟು ಬಂದವರು ಇಲ್ಲೇ ಉಳಿದುಬಿಟ್ಟಿದ್ದೆವು. ವಾರವಿಡೀ ಉಳ್ಳೂರಿನ ಬಾಡಿಗೆ ಕೋಣೆ, ಶನಿವಾರ ಬೆಳಗಿನ ರೈಲಿಗೆ ಮನೆ, ಇದು ನನ್ನ ಸಂಸಾರ. ಮಗಳು ಅನಘಾ ಮದುವೆಯಾಗಿ ಕಾಕ್ಕನಾಡಿನ ಫ್ಲಾಟೊಂದರಲ್ಲಿದ್ದಳು, ಅಲ್ಲೇ ಐಟಿ ಪಾರ್ಕಿನಲ್ಲಿ ಅವಳ ಕೆಲಸ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಅವಳು ಶಾಲೆ ಸೇರಿದಾಗಿನಿಂದ ಹಾಗೇ ನಡೆದುಕೊಂಡು ಬಂದಿದೆ.

ನಮ್ಮ ಲ್ಯಾಬಿನ ಮುಖ್ಯಸ್ಥೆ ಸೂಸನ್ ಮೇಡಂ. ಅವರ ವಿದ್ಯಾರ್ಥಿನಿ ನೀತು ಆ ವರ್ಷ ಕೈಗೆತ್ತಿಕೊಂಡದ್ದು ವಿಟಮಿನ್ ಎ ಹೊರುವ ಒಂದು ಪ್ರೋಟೀನಿನ ಕೆಲಸ. ನಮ್ಮೆಲ್ಲರ ಪಿತ್ತಜನಕಾಂಗದಲ್ಲಿ ಅದು ತಯಾರಾಗುತ್ತದೆ. ವಿಟಮಿನ್ನನ್ನು ಹೊತ್ತು ರಕ್ತಕ್ಕೆ ಇಳಿದು ಕಣ್ಣಿಗೂ, ಬಸುರಿಯಾದರೆ ಹೊಟ್ಟೆಯ ಮಗುವಿಗೂ ಮುಟ್ಟಿಸುತ್ತದೆ. ಅದಕ್ಕೊಂದು ವಿಚಿತ್ರ ನಿಯಮವಿದೆ. ಬರಿಗೈಯಲ್ಲಿದ್ದರೆ ಜೀವಕೋಶ ಅದನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ವಿಟಮಿನ್ ಬಂದು ಕೈಸೇರುವ ತನಕ ಒಳಗೇ ಕಾದಿರಬೇಕು. ಇದನ್ನು ನೋಡಲೆಂದು ಆ ಪ್ರೋಟೀನಿನ ಜೀನನ್ನು ಯೀಸ್ಟಿನೊಳಗೆ ಸೇರಿಸುತ್ತಿದ್ದೆವು. ಬ್ರೆಡ್ಡಿಗೂ ಅಪ್ಪಕ್ಕೂ ಹಾಕುವ ಅದೇ ಯೀಸ್ಟು. ಅದಕ್ಕೆ ಕಣ್ಣಿಲ್ಲ, ರಕ್ತವಿಲ್ಲ, ವಿಟಮಿನ್ ಎ ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಆದರೂ ಮನುಷ್ಯನ ಪ್ರೋಟೀನನ್ನು ಒಳಗಿಟ್ಟರೆ ಮನುಷ್ಯರ ನಿಯಮವನ್ನೇ ಪಾಲಿಸುತ್ತದೆ. ವಿಟಮಿನ್ ಹಾಕದಿದ್ದರೆ ಹಿಡಿದಿಟ್ಟುಕೊಳ್ಳುತ್ತದೆ, ಹಾಕಿದರೆ ಹೊರಗೆ ಬಿಡುತ್ತದೆ. ಮೊದಲ ಸಲ ಇದನ್ನು ಕಂಡಾಗ ನನಗೆ ಸಂತೋಷಕ್ಕಿಂತ ಅಳುಕೇ ಹೆಚ್ಚಾಯಿತು. ಕಣ್ಣಿಲ್ಲದ ಜೀವಕ್ಕೆ ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಮೇಡಂ ಅವರನ್ನು ಕೇಳಿದೆ. ಅವರು ನಕ್ಕು ಬೇರೆ ಕೆಲಸ ಹೇಳಿದರು.

ವಿಟಮಿನ್ ಎ ಬೆಳಕು ಬಿದ್ದರೆ ಕೆಡುತ್ತದೆ. ಹಾಗಾಗಿ ತುದಿಯ ಕೋಣೆಗೆ ಕಪ್ಪು ಕಾಗದ ಅಂಟಿಸಿ ಒಂದೇ ಒಂದು ಕೆಂಪು ಬಲ್ಬು ಹಾಕಿಕೊಂಡಿದ್ದೆವು. ಹೊರಗೆ ಮಟಮಟ ಮಧ್ಯಾಹ್ನವಿದ್ದರೂ ಒಳಗೆ ಆ ಕೆಂಪೇ. ಅದರಲ್ಲಿ ಕೆಂಪು ಬಣ್ಣದ್ದು ಯಾವುದೂ ಕಾಣುವುದಿಲ್ಲ. ನೀತುವಿನ ತುಟಿ ಬಿಳಿಚಿಕೊಂಡು ಕಾಣುತ್ತಿತ್ತು. ನನ್ನ ಹಣೆಯ ಕುಂಕುಮ ಬಾಗಿಲು ದಾಟಿದ ಕೂಡಲೇ ಮಾಯವಾಗುತ್ತದೆ ಎಂದು ಅವಳು ಒಂದು ದಿನ ತಮಾಷೆಗೆ ಹೇಳಿದಳು. ಅಂದಿನಿಂದ ಅಲ್ಲಿಗೆ ಹೋದಾಗಲೆಲ್ಲ ನನಗರಿಯದೆ ಕೈ ಹಣೆಗೆ ಹೋಗುತ್ತಿತ್ತು. ಅಲ್ಯೂಮಿನಿಯಂ ಹಾಳೆ ಸುತ್ತಿದ ಫ್ಲಾಸ್ಕುಗಳನ್ನು ಹೊತ್ತ ಯಂತ್ರ ಹಗಲಿಡೀ ಅಲುಗಾಡುತ್ತ, ಗಾಜಿಗೆ ಗಾಜು ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಜೂನಿನಲ್ಲಿ ಇಡವಪ್ಪಾತಿಯ ಮಳೆ ಶುರುವಾದ ಮೇಲೆ ಆ ಸದ್ದು ಎಲ್ಲಿ ಮುಗಿದು ಮಳೆಯ ಸದ್ದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ.

ನಮಗೆ ಆ ಕೆಲಸ ಬಂದದ್ದು ಕಣ್ಣಿನ ವೈದ್ಯರೊಬ್ಬರಿಂದ. ಒಂದು ಕುಟುಂಬದಲ್ಲಿ ಕೆಲವು ಮಕ್ಕಳು ಕಣ್ಣೇ ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ್ದರು, ಆ ಮನೆಯ ಜೀನನ್ನು ಯೀಸ್ಟಿನಲ್ಲಿಟ್ಟು ನೋಡಬೇಕಿತ್ತು. ಹೋಲಿಸಲು ಒಂದು ನಾರ್ಮಲ್ ಬೇಕಲ್ಲ. ಹೊರಗಿನಿಂದ ತರಿಸಿದ ಮಾದರಿ ಬರುವುದು ತಡವಾಯಿತು. ಇಂಥ ಹೊತ್ತಿನಲ್ಲಿ ಲ್ಯಾಬುಗಳಲ್ಲಿ ಒಂದು ಹಳೆಯ ರೂಢಿಯಿದೆ. ಆ ಕ್ಷಣಕ್ಕೆ ಯಾರು ಬಿಡುವಾಗಿದ್ದಾರೋ ಅವರೇ ನಾರ್ಮಲ್. ನಾನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ತೋಳು ಚಾಚಿದೆ. ನೀತು ರಕ್ತ ತೆಗೆದಳು. “ಮೈಸೂರಿನ ರಕ್ತ, ಮೇಡಂ. ಇದಕ್ಕಿಂತ ನಾರ್ಮಲ್ ಬೇರೆ ಸಿಗಲ್ಲ” ಎಂದು ನಾನೇ ಜಂಬ ಕೊಚ್ಚಿದೆ.

ಆಮೇಲಿನದು ಲ್ಯಾಬಿನ ಭಾಷೆ. ಫ್ಲಾಸ್ಕಿಗೆ ಚೀಟಿ ಹಚ್ಚುವಾಗ ಯಾರ ಜೀನೋ ಅವರ ಹೆಸರು. ಎಲ್ಲರಿಗೂ ನಾನು ಚೇಚಿ, ಅಂದರೆ ಅಕ್ಕ, ಹಾಗಾಗಿ ನನ್ನ ಜೀನು ಹೊತ್ತ ಯೀಸ್ಟೂ ಚೇಚಿಯೇ. “ಇವತ್ತು ಚೇಚಿಗೆ ಸಕ್ಕರೆ ಹಾಕಿದೆ,” “ಚೇಚಿ ಚೆನ್ನಾಗಿ ಬೆಳೆದಿದ್ದಾಳೆ,” “ಅರ್ಧ ಚೇಚಿಯನ್ನು ಫ್ರೀಜರಿನಲ್ಲಿಟ್ಟೆ” ಎಂದು ನೀತು ವರದಿ ಒಪ್ಪಿಸುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬರುವಾಗ ಕೆಂಪು ಕೋಣೆಯಲ್ಲಿ ಅವಳು ಫೋನಿನಲ್ಲಿ ಯಾರಿಗೋ, ಚೇಚಿ ಸತ್ತುಹೋದಳು, ಇನ್ನೊಂದು ಬೆಳೆಸಬೇಕು ಎನ್ನುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ಕಿರುಚಿಬಿಟ್ಟಳು. ಆಮೇಲೆ ಇಬ್ಬರೂ ನಕ್ಕೆವು, ಆದರೆ ನನ್ನ ನಗು ಅಷ್ಟು ಸಲೀಸಾಗಿ ಬರಲಿಲ್ಲ.

ಪ್ರೋಟೀನು ಹೊರಬಂತೋ ಇಲ್ಲವೋ ಎಂದು ತಿಳಿಯಲು ಯೀಸ್ಟನ್ನು ಬೇರ್ಪಡಿಸಿ ಸುತ್ತಲಿನ ನೀರನ್ನು ಮಾತ್ರ ಪರೀಕ್ಷೆಗೆ ಹಾಕುತ್ತೇವೆ. ಬಂದಿದ್ದರೆ ಚಿತ್ರದಲ್ಲಿ ಒಂದು ಕಪ್ಪು ಗೆರೆ ಮೂಡುತ್ತದೆ. ಆ ಕುಟುಂಬದ ಅಂಕಣ ಖಾಲಿಯಿತ್ತು, ನಿರೀಕ್ಷೆ ಇದ್ದದ್ದೇ. ಪಕ್ಕದ ನನ್ನ ಅಂಕಣವೂ ಖಾಲಿ. ಇದು ನಿರೀಕ್ಷೆಯಲ್ಲಿರಲಿಲ್ಲ. ಒಳಗೆ ನೋಡಿದರೆ ಎರಡೂ ಕಡೆ ಪ್ರೋಟೀನು ತುಂಬಿಕೊಂಡಿದೆ, ವಿಟಮಿನ್ ಹಾಕಿದ್ದೂ ನಿಜ. ನೀತು ಮತ್ತೆ ಮಾಡಿದಳು. ಮತ್ತೆ ಖಾಲಿ. ಮೂರನೆಯ ಸಲ ಎಲ್ಲವನ್ನೂ ನಾನೇ ಹೊಸದಾಗಿ ಬೆರೆಸಿ ಕೊಟ್ಟೆ.

“ಚೇಚಿ ಪುರತ್ತ್ ವರುನ್ನಿಲ್ಲ” ಎಂದಳು ನೀತು, ಚಿತ್ರ ಹಿಡಿದು. ಚೇಚಿ ಹೊರಗೆ ಬರುತ್ತಿಲ್ಲ.

“ಮೈಸೂರಿನವರಿಗೆ ಸ್ವಲ್ಪ ಸಂಕೋಚ ಜಾಸ್ತಿ” ಎಂದೆ. ಅವಳು ನಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಮೂರು ವಾರದ ಕೆಲಸ ಹಾಳಾಗಿತ್ತು. ಚಹಾ ಕೊಡಿಸಿದೆ.

ಆ ಶನಿವಾರ ಅನಘಾ ತ್ರಿಪ್ಪುಣಿತ್ತುರಕ್ಕೆ ಬಂದಳು. ಊಟಕ್ಕೆ ಕುಳಿತವಳು ಅನ್ನಕ್ಕೆ ಕೈಹಾಕದೆ, “ಅಮ್ಮ, ಏಳ್ ಆಳ್ಚ ಆಯಿ” ಎಂದಳು. ಬಸುರಾಗಿ ಏಳು ವಾರವಾಯಿತಂತೆ. ನಮ್ಮವರು ಎದ್ದು ಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡು ಬಂದರು, ಅವರಿಗೆ ಸಂತೋಷವಾದರೆ ಹಾಗೇ. ನಾನು ಅವಳ ತಲೆ ಸವರಿದೆ.

ಸೋಮವಾರ ಲ್ಯಾಬಿಗೆ ಹೋದಾಗ ನೀತು ತಪ್ಪೊಪ್ಪಿಕೊಂಡಳು. ರೋಗಿಯ ಜೀನನ್ನು ಎಲ್ಲರೂ ಅಕ್ಷರ ಅಕ್ಷರ ಬಿಡಿಸಿ ಓದುತ್ತಾರೆ. ನಾರ್ಮಲ್ಲನ್ನು ಯಾರೂ ಓದುವುದಿಲ್ಲ, ಕಣ್ಣಾಡಿಸಿ ಬಿಡುತ್ತಾರೆ. ನನ್ನದರಲ್ಲಿ ಒಂದೇ ಒಂದು ಅಕ್ಷರ ಬೇರೆಯಿದ್ದದ್ದನ್ನು ಅವಳು ಮೊದಲೇ ಕಂಡಿದ್ದಳು. ಪ್ರತಿ ತೆಗೆಯುವ ಯಂತ್ರದ ತಪ್ಪಿರಬೇಕೆಂದು ಅದನ್ನು ದಾಟಿ ಮುಂದೆ ಹೋಗಿದ್ದಳು. ಈಗ ನನ್ನ ರಕ್ತದಿಂದ ಹೊಸದಾಗಿ ಎಂಟು ಪ್ರತಿ ತೆಗೆಯುತ್ತೇನೆ, ಸರಿಯಾಗಿರುವುದನ್ನು ಆರಿಸಿಕೊಂಡರೆ ಆಯಿತು ಎಂದಳು. ನಾನೂ ಆಗಲಿ ಎಂದೆ.

ಮುಂದಿನ ವಾರ ಅವಳು ಹಾಳೆ ತಂದು ನನ್ನ ಮುಂದಿಟ್ಟಳು. “ಎಟ್ಟಿಲ್ ನಾಲ್, ಚೇಚೀ.” ಎಂಟರಲ್ಲಿ ನಾಲ್ಕು. ನಾಲ್ಕರಲ್ಲಿ ಅದೇ ಜಾಗದಲ್ಲಿ ಅದೇ ಅಕ್ಷರ, ಉಳಿದ ನಾಲ್ಕರಲ್ಲಿ ಸರಿಯಾದದ್ದು.

ನನಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಎಲ್ಲರಲ್ಲೂ ಒಂದೊಂದು ಜೀನಿಗೆ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಯಂತ್ರ ತಪ್ಪಿದರೆ ಅಲ್ಲೊಂದು ಇಲ್ಲೊಂದು ಕಡೆ ತಪ್ಪುತ್ತದೆ. ಹೀಗೆ ಅರ್ಧಕ್ಕರ್ಧ ಲೆಕ್ಕ ಹಿಡಿದು ಒಂದೇ ಜಾಗದಲ್ಲಿ ತಪ್ಪುವುದಿಲ್ಲ. ಅದು ನನ್ನ ರಕ್ತದಲ್ಲೇ ಇತ್ತು, ನಾನು ಹುಟ್ಟಿದಾಗಿನಿಂದ.

ಸೂಸನ್ ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ಕೂರಿಸಿದರು. ಇಂಗ್ಲಿಷಿನಲ್ಲಿ, ನಿಧಾನವಾಗಿ ಮಾತಾಡಿದರು. ನಿಮ್ಮ ಕಣ್ಣಿಗೆ ಏನೂ ತೊಂದರೆಯಿಲ್ಲ, ನಿಮ್ಮ ಇನ್ನೊಂದು ಪ್ರತಿ ಚೆನ್ನಾಗಿದೆ ಎಂದರು. ಆ ಕುಟುಂಬದ ತಾಯಂದಿರಿಗೂ ಕಣ್ಣು ಚೆನ್ನಾಗಿಯೇ ಇತ್ತು. ತಾಯಿಯಲ್ಲೂ ಮಗುವಿನಲ್ಲೂ ಆ ಅಕ್ಷರ ಇದ್ದರೆ, ಕಣ್ಣು ಮೂಡುವ ಮೊದಲ ವಾರಗಳಲ್ಲಿ ಮುಟ್ಟಬೇಕಾದಷ್ಟು ವಿಟಮಿನ್ ಮುಟ್ಟದೆ ಹೋಗಬಹುದು. ಹೋಗದೆಯೂ ಇರಬಹುದು. ಯೀಸ್ಟು ಹೇಳಿದ್ದೆಲ್ಲ ಮನುಷ್ಯನಿಗೆ ಹಾಗೇ ಒಪ್ಪುತ್ತದೆ ಎಂದು ಯಾರೂ ಹೇಳಲಾರರು. ಇಷ್ಟು ಹೇಳಿ, “ನಿಮಗೆ ಎಷ್ಟು ಮಕ್ಕಳು?” ಎಂದು ಕೇಳಿದರು.

“ಒಬ್ಬಳೇ ಮಗಳು” ಎಂದೆ. ಕೇರಳಕ್ಕೆ ಬಂದ ಮೇಲೆ ಯಾರು ಕೇಳಿದರೂ ಅದೇ ನನ್ನ ಉತ್ತರ. ಎದ್ದು ಬಾಗಿಲ ತನಕ ಹೋದೆ. ಚಿಲಕದ ಮೇಲೆ ಕೈಯಿಟ್ಟುಕೊಂಡು, “ಮೊದಲು ಒಂದು ಗಂಡು ಮಗು ಇತ್ತು ಮೇಡಂ” ಎಂದೆ.

ಮೈಸೂರಿನಲ್ಲಿ, ತಿಂಗಳು ತುಂಬುವ ಮುಂಚೆ ಹುಟ್ಟಿತು. ಒಂದೇ ದಿನ ಇತ್ತು. ನರ್ಸು ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ತಂದಳು. ನಾನು ಹಟ ಮಾಡಿ ತೆಗೆಸಿದೆ. ರೆಪ್ಪೆಗಳಿದ್ದವು, ರೆಪ್ಪೆಯ ಕೆಳಗೆ ಏನೂ ಇರಲಿಲ್ಲ. ಬೆರಳಿಟ್ಟರೆ ಒಳಕ್ಕೆ ಇಳಿಯುತ್ತಿತ್ತು. ಹೆಸರಿಡಲಿಲ್ಲ. ನಮ್ಮವರೂ ಮಾವನವರೂ ಎಲ್ಲಿಗೋ ಒಯ್ದರು, ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬಸುರಿನಲ್ಲಿ ಒಂದು ಗ್ರಹಣ ಬಂದಿತ್ತು. ನಾನು ಆಗಷ್ಟೇ ಎಂಎಸ್ಸಿ ಮುಗಿಸಿದ ಹುಮ್ಮಸ್ಸಿನಲ್ಲಿ ಗ್ರಹಣದ ಹೊತ್ತಿಗೇ ಈಳಿಗೆಮಣೆ ಹಾಕಿಕೊಂಡು ಹಾಗಲಕಾಯಿ ಹೆಚ್ಚಿದ್ದೆ. ಬೇಕೆಂದೇ ಹೆಚ್ಚಿದ್ದೆ. ಮಗು ಹೋದ ಮೇಲೆ ಅತ್ತೆ ಹಾಸಿಗೆಯ ಪಕ್ಕ ನಿಂತು, “ಈಳಿಗೆಮಣೆ ಮುಟ್ಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ? ನಿನ್ನಿಂದ್ಲೇ ಆಗಿದ್ದು ಇದು” ಎಂದಿದ್ದರು.

ನಿನ್ನಿಂದಲೇ ಎಂಬ ಆ ಮಾತನ್ನು ನಾನು ಜನ್ಮದಲ್ಲಿ ಕ್ಷಮಿಸಿರಲಿಲ್ಲ. ಅತ್ತೆ ತೀರಿಕೊಂಡ ದಿನವೂ ಕ್ಷಮಿಸಲಿಲ್ಲ. ಗ್ರಹಣಕ್ಕೂ ಕಣ್ಣಿಗೂ ಏನೂ ಸಂಬಂಧವಿಲ್ಲ, ಅದು ಯಾರ ತಪ್ಪೂ ಅಲ್ಲ ಎಂದು ವಿಜ್ಞಾನವನ್ನು ಗಟ್ಟಿಯಾಗಿ ಹಿಡಿದುಕೊಂಡು ಇಷ್ಟು ವರ್ಷ ಬದುಕಿದ್ದೆ. ಈಗ ಅದೇ ವಿಜ್ಞಾನ ಒಂದು ಹಾಳೆ ಹಿಡಿದು ಬಂದು, ಗ್ರಹಣದಿಂದಲ್ಲ, ಆದರೆ ನಿನ್ನಿಂದಲೇ ಇರಬಹುದು ಎಂದಿತು. ಅಂದು ಸಂಜೆ ಉಳ್ಳೂರಿನ ಕೋಣೆಯಲ್ಲಿ ಒಬ್ಬಳೇ ಕೂತಾಗ ಅತ್ತೆ ಕಿಟಕಿಯ ಬಳಿ ನಿಂತಿದ್ದಾರೆ ಎನಿಸಿತು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ನನಗೆ ಭಯವಾಗಿತ್ತು, ಬರೆಯಲು ನಾಚಿಕೆಯಿಲ್ಲ. ಮರುದಿನ ಕೆಂಪು ಕೋಣೆಗೆ ಹೋಗಿ ಚೇಚಿಯ ಫ್ಲಾಸ್ಕಿನ ಮೇಲೆ ಅಂಗೈ ಇಟ್ಟೆ. ಮೈಯಷ್ಟೇ ಬೆಚ್ಚಗಿತ್ತು. ಒಳಗೆ ಕೋಟಿಗಟ್ಟಲೆ ಜೀವಕೋಶಗಳಲ್ಲಿ ನನ್ನದೊಂದು ಹೊರಬರಲಾಗದೆ ಕಾಯುತ್ತಿತ್ತು.

ನಮ್ಮವರಿಗೆ ಶನಿವಾರ ಹೇಳಿದೆ. ಮನೆಯ ಮುಂದಿನ ರಸ್ತೆಯಲ್ಲಿ ನೀರು ನಿಂತಿತ್ತು, ಅವರು ಅದನ್ನೇ ನೋಡುತ್ತ ಕೇಳಿಸಿಕೊಂಡರು.

“ಹೇಳ್ಬಿಡು ಶಾರದಾ. ಅವ್ಳ ಹೊಟ್ಟೇಲಿರೋದು, ಅವ್ಳಿಗೆ ಗೊತ್ತಿರ್ಬೇಕು.”

“ಇಷ್ಟೊತ್ತಿಗೆ ಕಣ್ಣು ಮೂಡೋ ಕಾಲ ಮುಗೀತಾ ಬಂದಿರತ್ತೆ ಕಣ್ರೀ. ಈಗ ಹೇಳಿ ಏನ್ ಮಾಡೋದು? ಸುಮ್ನೆ ಹೆದರಿಸಿದ ಹಾಗೆ.”

“ಹೇಳು. ಅವ್ಳು ತಡ್ಕೋತಾಳೆ” ಎಂದರು. ಅಷ್ಟು ಖಚಿತವಾಗಿ ಹೇಗೆ ಹೇಳಿದರು ಎಂದು ನನಗೆ ಆಗ ಹೊಳೆಯಲಿಲ್ಲ.

ಕಾಕ್ಕನಾಡಿಗೆ ಭಾನುವಾರ ಬೆಳಿಗ್ಗೆ ಒಬ್ಬಳೇ ಹೋದೆ. ಅಳಿಯ ಸಾಮಾನು ತರಲು ಹೊರಗೆ ಹೋಗಿದ್ದ. ಅನಘಾ ಸೋಫಾದ ಮೇಲೆ ಕಾಲು ಮಡಚಿ ಕೂತು ಉಪ್ಪಿನ ಬಿಸ್ಕತ್ತು ತಿನ್ನುತ್ತಿದ್ದಳು, ವಾಂತಿಗೆ ಅದೊಂದೇ ಒಗ್ಗುತ್ತಿದ್ದದ್ದು.

“ಅನು, ನಿನ್ ಹತ್ರ ಒಂದ್ ವಿಷಯ ಹೇಳ್ಬೇಕು.”

“ಪರಯ್ ಅಮ್ಮ” ಎಂದಳು, ಹೇಳು ಎಂದು.

ಹೇಡಿಯ ಹಾಗೆ ಮೊದಲು ಯೀಸ್ಟಿನ ಕಥೆ ಹೇಳಿದೆ. ಅರ್ಧಕ್ಕರ್ಧದ ಲೆಕ್ಕ ಹೇಳಿದೆ. ನಿನಗೆ ಬಂದಿರಬಹುದು, ಬಾರದೆಯೂ ಇರಬಹುದು ಎಂದೆ. ಅವಳು ಬಿಸ್ಕತ್ತು ಕೆಳಗಿಟ್ಟು ಕೇಳಿಸಿಕೊಂಡಳು. ಕೊನೆಗೆ, ನಿನಗಿಂತ ಮುಂಚೆ ನಿನಗೊಬ್ಬ ಅಣ್ಣ ಇದ್ದ ಎಂದೆ.

“ಎನಿಕ್ಕರಿಯಾಂ” ಎಂದಳು. ನನಗೆ ಗೊತ್ತು ಎಂದು. “ಅಪ್ಪ ಪರಞ್ಞಿಟ್ಟುಂಡ್.” ಅಪ್ಪ ಹೇಳಿದ್ದಾರಂತೆ.

ನಾನು ಅವಳ ಮುಖವನ್ನೇ ನೋಡಿದೆ. ಆಗ ಅವಳು ಕನ್ನಡಕ್ಕೆ ಹೊರಳಿದಳು. ಪದಗಳನ್ನು ಹುಡುಕಿ ಹುಡುಕಿ ಜೋಡಿಸಿದಳು. “ಹತ್ತನೇ ಕ್ಲಾಸಲ್ಲಿ ಇದ್ದಾಗ. ಅಮ್ಮನ್ನ ಕೇಳ್ಬೇಡ ಅಂದ್ರು. ಅಮ್ಮಂಗೆ ನೋವಾಗತ್ತೆ ಅಂದ್ರು. ನಾನು ಕೇಳಿಲ್ಲ.” ಆಮೇಲೆ, “ನೀನು ಅವನ್ನ ನೋಡಿದ್ಯಾ? ನನ್ ಥರ ಇದ್ನಾ?” ಎಂದಳು.

“ಮೂಗು ನಿನ್ನದೇ” ಎಂದೆ. ಯಾರಿಗೂ ಹೇಳದ ಆ ಮಾತು ಅಷ್ಟು ಸುಲಭವಾಗಿ ಬಂದುಬಿಟ್ಟಿತು. ಇಬ್ಬರೂ ಅತ್ತೆವು. ನಾನು ಅವಳಿಂದ ಬಚ್ಚಿಟ್ಟೆ ಎಂದುಕೊಂಡಿದ್ದನ್ನು ಅವಳೇ ಇಷ್ಟು ವರ್ಷ ನನಗಾಗಿ ಬಚ್ಚಿಟ್ಟುಕೊಂಡಿದ್ದಳು. ಅಪ್ಪನೂ ಮಗಳೂ ಸೇರಿ ನನ್ನನ್ನು ಮಗುವಿನ ಹಾಗೆ ಕಾಪಾಡಿದ್ದರು.

ಕೊಚ್ಚಿಯ ಆಸ್ಪತ್ರೆಯಲ್ಲಿ ಅವಳು ರಕ್ತ ಕೊಟ್ಟಳು. ಜುಲೈ ನಡುವೆ, ಕರ್ಕಟಕ ಮಾಸ ಶುರುವಾದ ವಾರ ಉತ್ತರ ಬಂತು. ಅವಳಿಗೂ ಇತ್ತು. ಮಗುವಿಗೆ ಬಂದಿರುವುದೂ ಬಿಡುವುದೂ ಸಮ ಸಮ. ಬಂದಿದ್ದರೂ ಕಣ್ಣಿಗೆ ಏನಾದರೂ ಆಗಿರಲೇಬೇಕೆಂದಿಲ್ಲ, ನೀವೇ ಇದ್ದೀರಲ್ಲ ಎಂದು ಅಲ್ಲಿನ ವೈದ್ಯರು ಅನಘಾಳಿಗೆ ಹೇಳಿದರು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಕಣ್ಣು ಸರಿಯಾಗಿ ಕಾಣುತ್ತದೆ, ಅಲ್ಲಿಯ ತನಕ ಕಾಯಬೇಕು, ಬೇರೆ ದಾರಿಯಿಲ್ಲ. ವಿಟಮಿನ್ ಎ ಹೆಚ್ಚಾದರೆ ಬಸುರಿಗೆ ವಿಷ, ಹಾಗಾಗಿ ಲಿವರ್ ತಿನ್ನಬೇಡಿ, ಮೀನೆಣ್ಣೆ ಮುಟ್ಟಬೇಡಿ ಎಂದೂ ಹೇಳಿದರು.

ಆ ಕರ್ಕಟಕದಲ್ಲಿ ಸೂರ್ಯ ಕಂಡ ನೆನಪೇ ನನಗಿಲ್ಲ. ಸಂಜೆಯಾದರೆ ಉಳ್ಳೂರಿನ ಅಕ್ಕಪಕ್ಕದ ಮನೆಗಳಲ್ಲಿ ದೀಪ ಹಚ್ಚಿ ರಾಮಾಯಣ ಓದುತ್ತಿದ್ದರು. ಗೋಡೆಯಾಚೆಯಿಂದ ಮುದುಕಿಯೊಬ್ಬಳ ದನಿ ಮಾತ್ರ ಬರುತ್ತಿತ್ತು, ಮಾತು ಬಿಡಿಬಿಡಿಯಾಗಿ ಕೇಳುತ್ತಿರಲಿಲ್ಲ. ಗೋಡೆಗೆ ಬೂಷ್ಟು ಹಿಡಿದಿತ್ತು, ಸೀರೆಗಳಿಗೂ ಆ ವಾಸನೆಯೇ. ಹಗಲು ನೀತುವಿನ ಜೊತೆ ಕೆಂಪು ಕೋಣೆ. ಅವಳು ಈಗ ತನ್ನದೇ ರಕ್ತದ ನಾರ್ಮಲ್ ಮಾಡಿಕೊಂಡಿದ್ದಳು, ಅದರ ಪ್ರೋಟೀನು ಸಲೀಸಾಗಿ ಹೊರಗೆ ಬರುತ್ತಿತ್ತು. ಚೇಚಿಯ ಫ್ಲಾಸ್ಕು ರೋಗಿಗಳ ಸಾಲಿಗೆ ಹೋಯಿತು. ಅವಳು ನನ್ನ ಒಪ್ಪಿಗೆ ಕೇಳಿದಾಗ ನಾನು ಮುಖ ಗಂಟು ಹಾಕಿಕೊಂಡೇ ಸಹಿ ಮಾಡಿದೆ.

ಒಂದು ದಿನ ಅವಳು ಹೊಸ ಪ್ರಯೋಗ ಹೂಡಿದಳು. ಆರು ಫ್ಲಾಸ್ಕು ಚೇಚಿ, ಒಂದೊಂದಕ್ಕೂ ವಿಟಮಿನ್ ಸ್ವಲ್ಪ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ನಾವು ಹಾಕುತ್ತಿದ್ದದ್ದು ಮೊದಲ ಫ್ಲಾಸ್ಕಿನಷ್ಟು. ಮೂರು ದಿನದ ಮೇಲೆ ಚಿತ್ರ ತೆಗೆದಾಗ ಐದನೆಯದರಲ್ಲೂ ಆರನೆಯದರಲ್ಲೂ ತೆಳ್ಳಗೆ, ಕೂದಲೆಳೆಯಷ್ಟು ಗೆರೆ. “ಚೇಚೀ, ವನ್ನು!” ಎಂದು ನೀತು ನನ್ನನ್ನು ತಬ್ಬಿಕೊಂಡಳು. ಬಂತು! ನಾನು ಆ ಗೆರೆಯನ್ನೇ ನೋಡುತ್ತ ನಿಂತೆ. ಅಂದರೆ ಪೂರ್ತಿ ನಿಂತುಹೋಗಿಲ್ಲ, ಸಾಕಷ್ಟು ಸಿಕ್ಕರೆ ಸ್ವಲ್ಪವಾದರೂ ಹೊರಗೆ ಬರುತ್ತದೆ. ಅನಘಾ ಕಣ್ಣು ತೆರೆದು ಹುಟ್ಟಿದ್ದು ಹೀಗೇ ಇರಬಹುದು.

ಅದೇ ಸಂಜೆ ನಾನೊಂದು ಹುಚ್ಚು ಕೆಲಸ ಮಾಡಿದೆ. ಉಳ್ಳೂರು ಜಂಕ್ಷನ್ನಿನ ಮೆಡಿಕಲ್ ಶಾಪಿನಲ್ಲಿ ಮೀನೆಣ್ಣೆಯ ಮಾತ್ರೆ ಕೊಂಡೆ. ಕಣ್ಣು ಮೂಡುವ ಕಾಲ ಎಂದೋ ಮುಗಿದಿತ್ತು, ಈಗ ಕೊಟ್ಟರೆ ಒಳ್ಳೆಯದೇನೂ ಆಗದು, ಕೆಡುಕೇ ಆದೀತು. ಇದು ನನ್ನಷ್ಟು ಚೆನ್ನಾಗಿ ಆ ಅಂಗಡಿಯವನಿಗೂ ಗೊತ್ತಿರಲಾರದು. ಆದರೂ ಕೊಂಡೆ. ಬ್ಯಾಗಿನಲ್ಲಿಟ್ಟುಕೊಂಡು ರೈಲಿನಲ್ಲಿ ಬಂದೆ, ಭಾನುವಾರ ಅನಘಾಳ ಅಡಿಗೆಮನೆಯಲ್ಲಿ ಅವಳಿಗೆ ಹಾಲು ಬಿಸಿಮಾಡುತ್ತ ನಿಂತೆ. ಒಂದು ಮಾತ್ರೆ ಚುಚ್ಚಿ ಹಿಂಡಿದರೆ ಹಾಲಿನಲ್ಲಿ ಗೊತ್ತಾಗುತ್ತದೆಯೇ ಎಂದು ಯೋಚಿಸಿದೆ. ಒಂದು ಮಾತ್ರೆ ಕೈಯಲ್ಲೇ ಇತ್ತು. ಐದನೇ ಫ್ಲಾಸ್ಕು, ಆರನೇ ಫ್ಲಾಸ್ಕು ಎಂದು ತಲೆಯೊಳಗೆ ಯಾರೋ ಎಣಿಸುತ್ತಿದ್ದರು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. “ಎಂದಾ ಅಮ್ಮ?” ಎಂದು ಹೊರಗಿನಿಂದ ಅನಘಾ ಕೂಗಿದಳು, ಏನಾಯಿತು ಎಂದು. ಏನಿಲ್ಲ ಎಂದೆ. ಮಾತ್ರೆಗಳನ್ನು ಕಸದ ಚೀಲದ ತಳಕ್ಕೆ ತುರುಕಿ, ಚೀಲವನ್ನು ನಾನೇ ಕೆಳಗೆ ಒಯ್ದು ಹಾಕಿ ಬಂದೆ. ಗ್ರಹಣದ ಹೊತ್ತು ಸೊಸೆಯನ್ನು ಕೋಣೆಯೊಳಗೆ ಕೂಡಿಹಾಕಲು ನೋಡಿದ ಅತ್ತೆಯ ಮೇಲೆ ನನಗೆ ಅವತ್ತು ಮೊದಲ ಸಲ ಅಷ್ಟು ಸಿಟ್ಟು ಬರಲಿಲ್ಲ.

ಸ್ಕ್ಯಾನು ಬಂದದ್ದು ಕರ್ಕಟಕ ಮುಗಿದು ಚಿಂಗ ಮಾಸದಲ್ಲಿ, ಓಣಂ ಹತ್ತಿರವಾದಾಗ. ಆಸ್ಪತ್ರೆಯ ಹಜಾರದಲ್ಲಿ ಹೂವಿನ ರಂಗೋಲಿ ಹಾಕಿದ್ದರು. ಬೆಳಿಗ್ಗೆ ಹನ್ನೊಂದರ ಬಿಸಿಲು, ಎಷ್ಟೋ ದಿನದ ಮೇಲೆ. ಒಬ್ಬರೇ ಜೊತೆಗೆ ಬರಬಹುದು ಎಂದರು. ಅಳಿಯ ಎದ್ದು ನಿಂತಿದ್ದ, ಅನಘಾ ನನ್ನ ಕೈ ಹಿಡಿದಳು. ಅವನು ಮತ್ತೆ ಕೂತ. ನಮ್ಮವರು ಅವನ ಪಕ್ಕಕ್ಕೆ ಸರಿದು ಕೂತರು.

ಒಳಗೆ ದೀಪ ಆರಿಸಿದ್ದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಅನಘಾಳ ಹೊಟ್ಟೆಗೆ ಲೋಳೆ ಹಚ್ಚಿ, ಯಂತ್ರದ ಹಿಡಿಯನ್ನು ಆಚೀಚೆ ಸರಿಸುತ್ತ ಅಳತೆ ತೆಗೆದುಕೊಳ್ಳುತ್ತಿದ್ದರು. ಬೆನ್ನುಮೂಳೆ ಕಂಡಿತು, ತೊಡೆಯ ಮೂಳೆ, ಬಡಿದುಕೊಳ್ಳುವ ಎದೆ. ಅನಘಾ ಪರದೆಯ ಕಡೆ ತಲೆ ತಿರುಗಿಸಲೇ ಇಲ್ಲ. ಅವಳು ನನ್ನ ಮುಖವನ್ನು ನೋಡುತ್ತಿದ್ದಳು. ಅವಳಿಗೆ ಬೇಕಾದ್ದನ್ನು ನನ್ನ ಮುಖದಲ್ಲೇ ಓದಿಕೊಳ್ಳಲು ತೀರ್ಮಾನಿಸಿಕೊಂಡು ಬಂದಿದ್ದಳು ಎಂದು ಆಗ ಅರ್ಥವಾಯಿತು. ನಾನು ಮುಖವನ್ನು ಆದಷ್ಟು ಸಡಿಲ ಬಿಟ್ಟುಕೊಂಡೆ.

ಡಾಕ್ಟರು ಹಿಡಿಯನ್ನು ಓರೆ ಮಾಡಿದರು. ತಲೆ ಬಂತು. ಬೂದು ಬಣ್ಣದೊಳಗಿಂದ ಮೆಲ್ಲಗೆ ಒಂದು ಮುಖ ನಮ್ಮ ಕಡೆ ತಿರುಗಿತು. ಹಣೆ, ಗಲ್ಲ, ನಡುವೆ ಕಣ್ಣಿರಬೇಕಾದಲ್ಲಿ ಎರಡು ಕಪ್ಪು ಕುಳಿ. ಅಚ್ಚ ಕಪ್ಪು. ಒಳಗೆ ಏನೂ ಇರಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಬೆರಳ ತುದಿಗೆ ಸಿಕ್ಕಿದ್ದೂ ಇದೇ. ಮುಖವನ್ನು ಹಿಡಿದಿಟ್ಟುಕೊಳ್ಳಬೇಕೆಂದು ನೆನಪಿತ್ತು, ಆದರೆ ಅದು ನನ್ನ ಕೈಮೀರಿ ಹೋಗಿತ್ತು.

“ಅಮ್ಮ?” ಎಂದಳು ಅನಘಾ.

ಡಾಕ್ಟರು ತಲೆ ಎತ್ತಿ ನನ್ನನ್ನು ನೋಡಿದರು. ಏನಾಗಿದೆ ಎಂದು ತಟ್ಟನೆ ತಿಳಿಯಿತು ಅವರಿಗೆ. “ಅಯ್ಯೋ, ಪೇಡಿಕ್ಕಂಡ ಅಮ್ಮೇ” ಎಂದರು, ಹೆದರಬೇಡಿ ಎಂದು. ಪರದೆಯ ಮೇಲೆ ಬೆರಳಿಟ್ಟರು. “ಆ ಕರುಪ್ಪಾಣ್ ಕಣ್ಣ್.”

ಆ ಕಪ್ಪೇ ಕಣ್ಣು. ಕಣ್ಣಿನೊಳಗೆ ತಿಳಿಯಾದ ನೀರಿರುತ್ತದೆ, ಈ ಯಂತ್ರಕ್ಕೆ ಅದು ಕಪ್ಪಾಗಿಯೇ ಕಾಣುವುದು, ಕಣ್ಣಿಲ್ಲದಿದ್ದರೆ ಹೀಗೆ ದುಂಡಗೆ ಕಪ್ಪು ಇರುತ್ತಿರಲಿಲ್ಲ ಎಂದು ಅವರು ವಿವರಿಸಿದರು. ಎರಡನ್ನೂ ಅಳೆದರು. ಇದೂ ಸರಿ, ಅದೂ ಸರಿ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ, ಕಪ್ಪಿನ ನಡುವೆ ಬೆಳ್ಳಗಿನ ಸಣ್ಣ ಉಂಗುರವೊಂದನ್ನು ತೋರಿಸಿದರು. ಅದು ಕಣ್ಣಿನ ಮಸೂರ.

ಅಷ್ಟರಲ್ಲಿ ಆ ಉಂಗುರ ಹೊರಳಿತು. ತಾನಾಗಿಯೇ, ಮೆಲ್ಲಗೆ, ಒಂದು ಬದಿಯಿಂದ ಇನ್ನೊಂದು ಬದಿಗೆ. ಪಕ್ಕದ ಕಪ್ಪಿನಲ್ಲಿದ್ದ ಉಂಗುರವೂ ಅದರ ಜೊತೆಗೇ ಹೊರಳಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ, ಡಾಕ್ಟರಿದ್ದಾರೆ ಎಂಬ ಸಂಕೋಚವೂ ಆಗಲಿಲ್ಲ. ಅನಘಾ ಆಗ ಮೊದಲ ಸಲ ನನ್ನ ಮುಖ ಬಿಟ್ಟು ಪರದೆಯ ಕಡೆ ತಿರುಗಿದಳು.

“ನೋಡ್ತಾ ಇದೆ” ಎಂದಳು, ಕನ್ನಡದಲ್ಲಿ.